ಹೊಕ್ಕುಳಿಂದ ಮೇಲೆ

ನೀಲಮ್ಮನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಅಕ್ಕಿರೊಟ್ಟಿಯ ದೆಸೆಯಿಂದ. ಹಿಂದಿನ ದಿನ ತಾನೇ ಡಾಕ್ಟರ್ ಶುಭಾ ನನ್ನ ಎಡಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಗಾಯ ಪೂರ್ತಿ ಮಾಗಿದೆ ಸಾರ್. ಇನ್ನು ನೀರು ತಾಗಿಸಬಹುದು, ಯಾವ ಕೆಲಸ ಬೇಕಾದ್ರೂ ಮಾಡಬಹುದು" ಎಂದಿದ್ದರು. ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕುಳಿತರೆ, ನನ್ನ ಹೆಂಡತಿ ತುಟಿ ಪಿಟಕ್ಕೆನ್ನದೆ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಪಕ್ಕದಲ್ಲಿ ಚಟ್ನಿ ಬಡಿಸಿ ಒಳಗೆ ಹೋಗಿಬಿಟ್ಟಳು.

ಇದರಲ್ಲಿ ಅನುಮಾನ ಪಡುವಂಥದ್ದೇನು ಎಂದು ನೀವು ಕೇಳಬಹುದು. ಮದುವೆಯಾಗಿ ಬಂದ ದಿನದಿಂದ ಲಿಂಗಪೂಜೆ ಆಗದೆ ನನಗೆ ಒಂದು ಲೋಟ ಕಾಫಿಯನ್ನೂ ಕೊಡದ ಹೆಂಗಸು ಅವಳು. ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು, ಎಡ ಅಂಗೈ ಮೇಲಿಟ್ಟು, ಬಲಗೈಯಿಂದ ನೀರೆರೆದು, ಪತ್ರೆ ಏರಿಸಿ ಪೂಜೆ ಮಾಡಬೇಕು. ನಮ್ಮ ಮನೆಯಲ್ಲಿ ಅದಾದ ಮೇಲೆಯೇ ಉಳಿದ ಜಗತ್ತು. ಕೈ ಗಾಯವಾಗಿದ್ದಷ್ಟು ಕಾಲ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಪೂಜೆ ಮುಗಿಸುತ್ತಿದ್ದೆ, ಅದು ಸರಿ. ಈಗ ಕೈ ಮಾಗಿದೆ ಎಂದು ಡಾಕ್ಟರೇ ಹೇಳಿದ್ದಾರೆ. ಇವಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾಳೆ. "ಪೂಜೆಗೆ ಕೂತ್ಕೊಳ್ಳಿ" ಎಂಬ ಒಂದು ಮಾತು ಬರಬೇಕಿತ್ತು. ಅದರ ಬದಲು ರೊಟ್ಟಿ ಬಂತು. ರೊಟ್ಟಿ ತಿನ್ನುತ್ತಲೇ ನಾನು ಅಡುಗೆಮನೆಯ ಬಾಗಿಲ ಕಡೆ ಕಣ್ಣಿಟ್ಟೆ.

ನನ್ನ ಹೆಸರು ಸಿದ್ದಬಸಪ್ಪ. ಮೂಲ ಹೊಸದುರ್ಗದ ಕಡೆ, ಆದರೆ ಗೋವಿಂದರಾಜನಗರದಲ್ಲಿ ಮನೆ ಮಾಡಿ ತಲೆ ನರೆತಿದೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದವರು, ತೂಕದ ಬಟ್ಟಿನ ಬುಡ ಕೊರೆದು ಸೀಸ ಕದ್ದವರು, ಲೀಟರಿನ ಅಳತೆ ಪಾತ್ರೆಗೆ ಹೊರಗಿನಿಂದ ಗುದ್ದಿ ಹೊಟ್ಟೆ ತಗ್ಗಿಸಿದವರು, ಎಲ್ಲರನ್ನೂ ನೋಡಿದ್ದೇನೆ. ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ. ಅಂಗಡಿಗೆ ಹೋದ ಕೂಡಲೇ ತಕ್ಕಡಿ ನೋಡಬಾರದು, ಅಂಗಡಿಯವನ ಮುಖ ನೋಡಬೇಕು. ತಪ್ಪಿಲ್ಲದವನು ವ್ಯಾಪಾರದ ಹೊತ್ತಲ್ಲಿ ಬಂದಿರೆಂದು ಗೊಣಗುತ್ತಾನೆ. ತಪ್ಪಿರುವವನು ಕಾಫಿ ತರಿಸುತ್ತಾನೆ. ನೇರವಾಗಿ ಕೇಳಲೂಬಾರದು. ಸುತ್ತಮುತ್ತಲಿನದೆಲ್ಲ ಕೂಡಿಸಿಕೊಂಡು, ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಮಾಡಿ, ಕಡೆಯಲ್ಲಿ ಒಂದೇ ಪ್ರಶ್ನೆ ಹಾಕಬೇಕು.

ಅನುಮಾನದ ಈ ಚಟವೇ ನನ್ನ ಕೈ ತಿಂದದ್ದು ಎಂದು ನೀಲಮ್ಮ ಹೇಳುತ್ತಾಳೆ. ಅದು ಸುಳ್ಳಲ್ಲ. ಮಾರೇನಹಳ್ಳಿಯ ಹಿಟ್ಟಿನ ಮಿಲ್ಲಿಗೆ ರಾಗಿ ಬೀಸಿಸಲು ಹೋಗಿದ್ದೆ. ಮನೆಯಲ್ಲಿ ತೂಗಿ ಒಯ್ದದ್ದಕ್ಕೂ ಅಲ್ಲಿ ತೂಗಿದ್ದಕ್ಕೂ ಒಂದು ಚೂರು ವ್ಯತ್ಯಾಸ ಕಂಡಿತು. ಮಿಲ್ಲಿನವನು ಆ ಕಡೆ ತಿರುಗಿದಾಗ ಬಗ್ಗಿ ತಟ್ಟೆಯ ಅಡಿ ನೋಡಲು ಹೋದೆ. ಬ್ಯಾಲೆನ್ಸಿಗೆ ಎಡಗೈಯನ್ನು ಪಕ್ಕದ ಯಂತ್ರದ ಮೇಲೆ ಊರಿದೆ. ಅಲ್ಲಿ ಓಡುತ್ತಿದ್ದ ಬೆಲ್ಟಿಗೆ ಮುಚ್ಚಳ ಇರಲಿಲ್ಲ. ಕೈ ಎಳೆದುಕೊಳ್ಳುವಷ್ಟರಲ್ಲಿ ಅಂಗೈಯ ಚರ್ಮ ಪೂರ್ತಿ ಕಿತ್ತುಹೋಗಿತ್ತು. ತಕ್ಕಡಿಯ ಅಡಿಯಲ್ಲಿ ಏನೂ ಇರಲಿಲ್ಲ.

ವಿಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಶುಭಾ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಪ್ಲಾಸ್ಟಿಕ್ ಸರ್ಜನ್ ಎಂದರೆ ಸಿನಿಮಾದವರ ಮೂಗು ನೆಟ್ಟಗೆ ಮಾಡುವವರು ಎಂದುಕೊಂಡಿದ್ದೆ. ನಮ್ಮ ಮಗಳು ಶಿವರಂಜನಿಗಿಂತ ಚಿಕ್ಕವಳಂತೆ ಕಾಣುವ ಈ ಹುಡುಗಿ, ಮಾತಿನಲ್ಲಿ ಮಾತ್ರ ಗಟ್ಟಿ.

"ಬರೀ ಚರ್ಮ ತೆಳ್ಳಗೆ ಹೆರೆದು ಹಾಕಿದ್ರೆ ಇಲ್ಲಿ ಹಿಡಿಯಲ್ಲ ಸಾರ್. ಕೆಳಗೆ ನರ, ಮೂಳೆ ಕಾಣ್ತಾ ಇದೆ. ಹೊಸ ಚರ್ಮ ಬದುಕೋಕೆ ರಕ್ತ ಎಲ್ಲಿಂದ ಬರಬೇಕು? ಅದಕ್ಕೇ ಚರ್ಮ, ಅದರಡಿ ಕೊಬ್ಬು, ಅದಕ್ಕೆ ರಕ್ತ ಕೊಡೋ ನಾಳ ಎಲ್ಲಾ ಸೇರಿಸಿ ಒಂದು ತುಂಡು ತಂದು ಕೂರಿಸ್ತೀವಿ. ಫ್ಲ್ಯಾಪ್ ಅಂತೀವಿ ಅದನ್ನ."

"ಎಲ್ಲಿಂದ ತರ್ತೀರಮ್ಮ?"

"ನಿಮ್ಮ ಮುಂಗೈಯಿಂದಲೇ. ರಕ್ತನಾಳ ಕಡಿಯದೆ, ಆ ತುಂಡನ್ನ ಹಾಗೇ ಕೆಳಗೆ ತಿರುಗಿಸಿ ಅಂಗೈಗೆ ತರ್ತೀವಿ. ಅಲ್ಲಾಗ್ಲಿಲ್ಲ ಅಂದ್ರೆ ಬೇರೆ ಕಡೆಯಿಂದ ನೋಡೋಣ. ತೊಡೆ ಇದೆ, ಬೆನ್ನಿದೆ."

ತೊಡೆ ಎಂಬ ಮಾತು ಕೇಳಿ ನನ್ನ ಬಲಗೈ ಕೊರಳ ಕರಡಿಗೆಗೆ ಹೋಯಿತು. ಲಿಂಗ ಹೊಕ್ಕುಳಿಂದ ಕೆಳಗೆ ಇಳಿಯಕೂಡದು. ನಾನು ಚಿಕ್ಕವನಿದ್ದಾಗ ಶಿವದಾರ ಸ್ವಲ್ಪ ಉದ್ದವಾಗಿ ಕರಡಿಗೆ ಜೋತುಬಿದ್ದರೆ ನಮ್ಮವ್ವ ಓಡಿಬಂದು ಗಂಟು ಹಾಕಿ ಎದೆಮಟ್ಟಕ್ಕೆ ಎತ್ತುತ್ತಿದ್ದಳು. ಅಂಥದ್ದರಲ್ಲಿ ಹೊಕ್ಕುಳಿಂದ ಕೆಳಗಿನ ಮಾಂಸವನ್ನೇ ತಂದು ಅಂಗೈ ಮಾಡಿ, ಅದರ ಮೇಲೆ ಲಿಂಗವನ್ನು ಕೂರಿಸುವುದೇ? ಇದನ್ನು ಡಾಕ್ಟರಿಗೆ ಅಲ್ಲೇ ಹೇಳಬೇಕಿತ್ತು. ಆದರೆ ಮಗಳ ವಯಸ್ಸಿನ ಹೆಣ್ಣುಮಗಳ ಮುಂದೆ ಹೊಕ್ಕುಳು, ಅದರ ಕೆಳಗೆ, ಅದರ ಮೇಲೆ ಎಂದು ವಿವರಿಸುತ್ತ ಕೂರುವುದು ಹೇಗೆ? ನಾಚಿಕೆಯಾಯಿತು. ಸರಿಯೆಂದು ತಲೆಯಾಡಿಸಿದೆ.

ಅವರು ಹೋದ ಮೇಲೆ ನೀಲಮ್ಮನನ್ನು ಹತ್ತಿರ ಕರೆದೆ.

"ಹೊಕ್ಕುಳಿಂದ ಕೆಳಗಿನದು ಬೇಡ ಅಂತ ಅವರಿಗೆ ಹೇಳಿಬಿಡು. ಕೈಯಿಂದ ಆದ್ರೆ ಸರಿ. ಇಲ್ಲಾಂದ್ರೆ ಈ ಕೈ ತೆಗೆದೇಬಿಡಲಿ."

"ಏನ್ ಮಾತು ಅಂತ ಆಡ್ತೀರಿ?"

"ಪೂಜೆಗಾಗದ ಕೈ ಇದ್ದರೆಷ್ಟು, ಬಿಟ್ಟರೆಷ್ಟು? ಲಿಂಗ ಮುಟ್ಟಿ ಹೇಳು, ಒಪ್ಪಲ್ಲ ಅಂತ."

ಅವಳು ನನ್ನ ಕೈಯ ಪಟ್ಟಿಯನ್ನೊಮ್ಮೆ ನೋಡಿದಳು. ಆಮೇಲೆ ಸೆರಗಿನಡಿ ಕೈ ಹಾಕಿ ತನ್ನ ಕರಡಿಗೆಯನ್ನು ಮುಟ್ಟಿಕೊಂಡು, "ಆಯ್ತು" ಎಂದಳು. ನನ್ನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲತೋಳಿಗೆ ಕಟ್ಟಲು ಡಾಕ್ಟರು ಒಪ್ಪಿದರು. ನಾನು ನಿಶ್ಚಿಂತೆಯಿಂದ ಒಳಗೆ ಹೋದೆ.

ಎಚ್ಚರವಾದಾಗ ಎಡಗೈ ಒಂದು ದೊಡ್ಡ ಬಿಳಿ ಗಂಟಾಗಿತ್ತು. ಅಂಗೈಯ ನಡುವೆ ಮಾತ್ರ ಸಣ್ಣ ಕಿಟಕಿಯಂತೆ ಪಟ್ಟಿ ಸುತ್ತದೆ ಬಿಟ್ಟಿದ್ದರು. ನರ್ಸು ಬಂದು ಬಂದು ಅಲ್ಲಿ ಬೆರಳಿನಿಂದ ಒತ್ತಿ ಬಿಡುತ್ತಿದ್ದಳು. ಒತ್ತಿದಾಗ ಬಿಳಿಚಿಕೊಂಡ ಜಾಗಕ್ಕೆ ಮತ್ತೆ ಕೆಂಪು ಬಂದರೆ ರಕ್ತ ಹರಿಯುತ್ತಿದೆಯೆಂದು ಲೆಕ್ಕ, ನೀಲಿಗಟ್ಟಿದರೆ ಕೆಟ್ಟಿತೆಂದು ಲೆಕ್ಕ. ನೀಲಮ್ಮ ಸ್ಟೂಲು ಹಾಕಿಕೊಂಡು ಆ ಕಿಟಕಿಯನ್ನೇ ನೋಡುತ್ತ ಕೂತಿರುತ್ತಿದ್ದಳು. ತೊಡೆಯಲ್ಲೂ ಉರಿಯುತ್ತಿತ್ತು. ಮುಟ್ಟಿ ನೋಡಿದರೆ ಅಲ್ಲೂ ದಪ್ಪನೆ ಪಟ್ಟಿ.

"ಎಲ್ಲಿಂದ ತೆಗೆದ್ರು?" ಎಂದೆ.

"ಕೈಯಿಂದಲೇ." ನಾನು ಕೇಳಿ ಮುಗಿಸುವುದಕ್ಕೂ ಮುಂಚೆ ಉತ್ತರ ಬಂತು.

"ತೊಡೆಗ್ಯಾಕೆ ಪಟ್ಟಿ?"

"ಮುಂಗೈಯಲ್ಲಿ ತೆಗೆದ ಜಾಗ ಮುಚ್ಚೋಕೆ ಅಲ್ಲಿಂದ ತೆಳ್ಳಗೆ ಚರ್ಮ ಹೆರೆದಿದಾರೆ. ಅದು ಅಂಗೈಗಲ್ಲ. ಮಲ್ಕೊಳ್ಳಿ."

ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿದ್ದೆ. ಒಪ್ಪಿಕೊಂಡೆ. ಡಾಕ್ಟರು ಬಂದು ಏನೇನೋ ಹೇಳಿದ್ದು, ನಾನು ಹೂಂಗುಟ್ಟಿದ್ದು ಕನಸಿನ ಹಾಗೆ ನೆನಪಿದೆ.

ರೊಟ್ಟಿಯ ದಿನದ ನಂತರ, ಅನುಮಾನ ತೀರುವವರೆಗೆ ಮನಸ್ಸಿನ ಪೂಜೆಯನ್ನೇ ಮುಂದುವರಿಸುತ್ತ, ಇದೆಲ್ಲವನ್ನೂ ಮತ್ತೆ ಮೊದಲಿಂದ ನೆನಪಿಗೆ ತಂದುಕೊಂಡೆ. ನಡೆದದ್ದನ್ನು ಎದುರಿಗಿಟ್ಟುಕೊಂಡು ನೋಡಿದಷ್ಟೂ ಹೆಂಡತಿಯ ಚಹರೆ ಬೇರೆಯಾಗಿ ಕಾಣತೊಡಗಿತು. ಆಸ್ಪತ್ರೆಗೆ ತೋರಿಸಲು ಹೋದಾಗಲೆಲ್ಲ ಅವಳು ನನಗಿಂತ ಮುಂಚೆ ಡಾಕ್ಟರ ಕೋಣೆಗೆ ನುಗ್ಗುತ್ತಿದ್ದಳು. ನಾನು ಬಾಯಿ ತೆರೆದರೆ, "ರಾತ್ರಿ ಕೈ ಜೋಮು ಹಿಡಿಯುತ್ತೆ ಅಂತಾರೆ ಮೇಡಂ" ಎಂದೋ, "ಎಣ್ಣೆ ಹಚ್ಚಬಹುದಾ ಮೇಡಂ" ಎಂದೋ ಅಡ್ಡ ಬರುತ್ತಿದ್ದಳು. ಬೇರೆ ಕಡೆ ನಾಲ್ಕು ಜನರ ಮುಂದೆ ಬಾಯಿ ಬಿಡದವಳಿಗೆ ಅಲ್ಲಿ ಮಾತ್ರ ಅಷ್ಟು ಮಾತು. ಮನೆಯಲ್ಲಿ ಅವಳು ಪೂಜೆಗೆ ಕೂರುವಾಗ ಬಾಗಿಲು ಮುಂದಕ್ಕೆ ಹಾಕಿಕೊಳ್ಳುವುದನ್ನು ಶುರು ಮಾಡಿದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತಿತ್ತು. ಕೇಳಿದರೆ ಊದಿನಕಡ್ಡಿಯ ಹೊಗೆ ಎನ್ನುತ್ತಿದ್ದಳು.

ಇನ್ನು ಕೈಯನ್ನೇ ನೋಡಿ. ಅಂಗೈ ಮೇಲೆ ಬಂದು ಕೂತ ತುಂಡು ಸಣ್ಣದಲ್ಲ. ಬೆರಳ ಬುಡದಿಂದ ಮಣಿಕಟ್ಟಿನವರೆಗೆ, ಒಂದು ಪೂರಿಯಷ್ಟು ಅಗಲ, ಅಷ್ಟೇ ಉಬ್ಬು. ಮುಂಗೈಯಲ್ಲಿ ಉಳಿದಿರುವುದು ಮಾತ್ರ ಉದ್ದಕ್ಕೊಂದು ಹೊಲಿಗೆಯ ಗೆರೆ. ಪೂರಿಯಷ್ಟು ಎತ್ತಿಕೊಂಡ ಜಾಗದಲ್ಲಿ ದಾರದಷ್ಟು ಗುರುತು ಉಳಿಯುವುದು ಯಾವ ಅಳತೆಯ ಪ್ರಕಾರ? ತೊಡೆಯಿಂದ ಹೆರೆದು ತಂದು ಮುಚ್ಚಿದರಲ್ಲ, ಆ ತೇಪೆ ಎಲ್ಲಿ? ನೀಲಮ್ಮನನ್ನು ಕೇಳಿದರೆ, "ಕೂಡ್ಕೊಂಡುಬಿಟ್ಟಿದೆ, ಚೆನ್ನಾಗಿ ಮಾಡಿದಾರೆ" ಎಂದು ಎದ್ದುಹೋದಳು.

ಸಾಲದ್ದಕ್ಕೆ ಅಂಗೈಯಲ್ಲಿ ಕೂದಲು ಹುಟ್ಟಿತು. ಫ್ಲ್ಯಾಪ್ ಎಲ್ಲಿಂದ ಬಂದಿರುತ್ತದೋ ಅಲ್ಲಿಯ ಗುಣ ಬಿಡುವುದಿಲ್ಲವಂತೆ, ಅದನ್ನು ಡಾಕ್ಟರೇ ಹೇಳಿದ್ದರು. ಹುಟ್ಟಲಿ, ಬೇಡವೆಂದವರು ಯಾರು? ಆದರೆ ನನ್ನ ಕೈಗಳ ಮೇಲಿನ ಕೂದಲು ನರೆತು ಎಷ್ಟೋ ವರ್ಷವಾಯಿತು. ಅಂಗೈಯಲ್ಲಿ ಹುಟ್ಟಿದ್ದು ಕರಿ ಕೂದಲು. ಬಚ್ಚಲುಮನೆಯಲ್ಲಿ ಪಂಚೆ ಎತ್ತಿ ನೋಡಿಕೊಂಡೆ. ತೊಡೆಯ ಮೇಲಿನ ಕೂದಲು ಇನ್ನೂ ಕಪ್ಪಗೇ ಇತ್ತು.

ಆರ್‌ಪಿಸಿ ಲೇಔಟಿನಲ್ಲಿರುವ ಮಗಳ ಮನೆಗೆ ಹೋದೆ. ಶಿವರಂಜನಿ ಆಪರೇಷನ್ನಿನ ದಿನ ಅಮ್ಮನ ಜೊತೆ ಹೊರಗೆ ಕಾದವಳು. ಅದೂ ಇದೂ ಮಾತಾಡಿ, ಸೋಫಾದಿಂದ ಏಳುವಾಗ ಸುಮ್ಮನೆ ಒಂದು ಕಲ್ಲು ಎಸೆದೆ.

"ಆವತ್ತು ಡಾಕ್ಟರು ಮಧ್ಯದಲ್ಲಿ ಹೊರಗೆ ಬಂದಿದ್ರಂತಲ್ಲ?"

"ಯಾರ್ ಹೇಳಿದ್ರು ನಿಮಗೆ?"

ನಾನು ಮತ್ತೆ ಕೂತೆ. ಅವಳಿಗೆ ತಾನು ಸಿಕ್ಕಿಬಿದ್ದದ್ದು ಗೊತ್ತಾಯಿತು. ಮುಖ ಸಣ್ಣದಾಯಿತು.

"ಅಪ್ಪಾಜಿ, ಅಮ್ಮನ್ನ ಕೇಳಿ. ಇಲ್ಲಾ, ಯಾರನ್ನೂ ಕೇಳಬೇಡಿ. ಕೈ ಉಳೀತಲ್ಲ, ಅಷ್ಟು ಸಾಲ್ದಾ? ಇರಿ, ಕಾಫಿ ತರ್ತೀನಿ."

ಈಗತಾನೇ ಕುಡಿದ ಕಾಫಿಯ ಲೋಟ ನನ್ನ ಮುಂದೆಯೇ ಇತ್ತು.

ಮರುದಿನ ನೀಲಮ್ಮ ತರಕಾರಿಗೆ ಹೋದಾಗ ಅವಳ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದೆ. ಬಾಗಿಲು ಹಾಕಿಕೊಂಡು ಎರಡೂ ಮುಂಗೈಗಳ ಸುತ್ತಳತೆ ಹಿಡಿದೆ. ಒಂದೇ ಕೈಯಲ್ಲಿ ಟೇಪು ಸುತ್ತುವುದು ಸುಲಭವಲ್ಲ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅಳೆದೆ. ಎಡ, ಬಲ ಎರಡೂ ಹೆಚ್ಚುಕಡಿಮೆ ಸಮ. ಎಡ ಮುಂಗೈಯಿಂದ ಏನೂ ಹೋಗಿಲ್ಲ. ಆಮೇಲೆ ತೊಡೆ. ಎಡತೊಡೆ ಬಲಕ್ಕಿಂತ ಸ್ಪಷ್ಟವಾಗಿ ಕಡಿಮೆ. ಮತ್ತೊಮ್ಮೆ ಅಳೆದೆ, ಅಷ್ಟೇ ಬಂತು. ಯಾವ ಕೋರ್ಟಿನಲ್ಲಿ ಬೇಕಾದರೂ ನಿಲ್ಲುವ ಸಾಕ್ಷಿ.

ಅಂಗಡಿಯವನ ಕಳ್ಳತನ ಹಿಡಿದಾಗ ಒಳಗೊಳಗೇ ಒಂದು ಹಿಗ್ಗು ಇರುತ್ತಿತ್ತು. ಆ ದಿನ ಟೇಪು ಹಿಡಿದುಕೊಂಡು ಮಂಚದ ಮೇಲೆ ಕೂತಾಗ ಅಳು ಬಂತು. ಲಿಂಗ ಮುಟ್ಟಿ ಮಾತು ಕೊಟ್ಟವಳು ಮುರಿದಳು. ಮುರಿದದ್ದೂ ಅಲ್ಲದೆ ಮುಖ ನೋಡಿಕೊಂಡು ಸುಳ್ಳು ಹೇಳಿದಳು. ಮಗಳನ್ನೂ ಅದಕ್ಕೆ ಸೇರಿಸಿಕೊಂಡಳು. ನನ್ನ ಅಂಗೈ ಇನ್ನು ಲಿಂಗಕ್ಕೆ ಬಾರದು ಎಂಬ ಸಂಕಟ ಒಂದು ಕಡೆ. ಇಷ್ಟು ವರ್ಷ ಕಣ್ಣು ಮುಚ್ಚಿ ನಂಬಿದ್ದ ಒಬ್ಬಳೇ ಒಬ್ಬಳು ಹೀಗೆ ಮಾಡಿದಳಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಕಟ. ಬಸವೇಶ್ವರನಗರದ ವಿಶ್ವಾರಾಧ್ಯ ಅಯ್ಯನವರು ನಮ್ಮ ಮನೆಯ ಗುರುಗಳು. ಅವರಲ್ಲಿಗೆ ಹೋಗಿದ್ದರೆ, ದೀಕ್ಷೆಯಾದ ದೇಹದಲ್ಲಿ ಮೇಲೇನು ಕೆಳಗೇನು ಎಂದು ಒಂದು ಮಾತಿನಲ್ಲಿ ಮುಗಿಸುತ್ತಿದ್ದರೇನೋ. ನಾನು ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಸಮಾಧಾನವಲ್ಲ, ಕಳ್ಳನನ್ನು ಹಿಡಿಯುವುದು.

ಎಲ್ಲ ಬಿಟ್ಟು ಡಾಕ್ಟರನ್ನೇ ನೇರವಾಗಿ ಏಕೆ ಕೇಳಿರಲಿಲ್ಲ ಎನ್ನುತ್ತೀರಾ? ಹೆದರಿಕೆಯಿಂದ. ಅವರು ಹೌದು ಎಂದುಬಿಟ್ಟರೆ ಆಮೇಲೆ ಅನುಮಾನವೂ ಇರುವುದಿಲ್ಲ, ಬರೀ ನಿಜ ಇರುತ್ತದೆ. ಆದರೂ ಕಡೆಯ ಪ್ರಶ್ನೆ ಹಾಕಲೇಬೇಕಿತ್ತು. ಮರುದಿನ ಮಧ್ಯಾಹ್ನ ಲೈಬ್ರರಿಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಒಬ್ಬನೇ ಆಸ್ಪತ್ರೆಗೆ ಹೋದೆ.

"ಆಂಟಿ ಬರಲಿಲ್ವಾ ಸಾರ್?" ಎಂದು ಡಾಕ್ಟರ್ ಶುಭಾ ನನ್ನ ಹಿಂದೆ ಇಣುಕಿದರು.

"ಇಲ್ಲಮ್ಮ. ಒಂದು ವಿಷಯ ಕೇಳಬೇಕಿತ್ತು. ನನ್ನ ಅಂಗೈಗೆ ಹಾಕಿರೋದು ಎಡತೊಡೆಯದು, ಅಲ್ವಾ?"

ಅವರು ತಡವರಿಸಲಿಲ್ಲ. "ಹೌದು ಸಾರ್. ವಾರ್ಡಲ್ಲೇ ಹೇಳಿದ್ನಲ್ಲ. ನೀವು ಹೂಂ ಅಂದ್ರಿ. ಆಮೇಲೆ ಇನ್ನೊಂದ್ಸಲ ಹೇಳೋಕೆ ಬಂದಾಗ, ನಾನು ಎಲ್ಲಾ ಹೇಳಿದೀನಿ, ಅವರಿಗೆ ಅರ್ಥ ಆಗಿದೆ ಅಂದ್ರು ಆಂಟಿ."

"ಮುಂಗೈಯಿಂದ ಅಂತ ಮಾತಾಗಿತ್ತಲ್ಲ?"

"ಹೌದು, ಓಪನ್ ಮಾಡಿ ನೋಡಿದ್ವಿ. ಬೆಲ್ಟು ಎಳೆದ ರಭಸಕ್ಕೆ ರಕ್ತನಾಳ ಒಳಗೇ ಹರಿದುಹೋಗಿತ್ತು. ಆ ನಾಳದ ಮೇಲೆ ಫ್ಲ್ಯಾಪ್ ತಿರುಗಿಸಿದ್ರೆ ಸತ್ತುಹೋಗ್ತಿತ್ತು. ಅದಕ್ಕೆ ಅಲ್ಲಿ ಹೊಲಿದು, ಹೊರಗೆ ಬಂದು ಆಂಟಿಗೆ ಹೇಳಿದೆ. ತೊಡೆಯಿಂದ ತುಂಡು ಬಿಡಿಸಿ ತಂದು, ಅದರ ನಾಳನ ಮೈಕ್ರೋಸ್ಕೋಪ್ ಕೆಳಗೆ ಕೈಯಲ್ಲಿ ಇನ್ನೂ ಮೇಲಿನ ನಾಳಕ್ಕೆ ಜೋಡಿಸ್ತೀವಿ, ಇಲ್ಲಾ ಅಂದ್ರೆ ಕೈ ಉಳಿಯೋದು ಕಷ್ಟ ಅಂದೆ."

"ಅವಳೇನಂದ್ಲು?"

"ಬೆನ್ನಿಂದ ತೆಗೆಯಕ್ಕಾಗಲ್ವಾ ಅಂದ್ರು. ನಿಮ್ಮನ್ನ ಮಗುಚಿ ಮಲಗಿಸಬೇಕು, ಟೈಮ್ ಜಾಸ್ತಿ ಆಗುತ್ತೆ, ನಿಮ್ಮ ವಯಸ್ಸಿಗೆ ಒಳ್ಳೇದಲ್ಲ ಅಂದೆ. ಸೆರಗಿನೊಳಗೆ ಏನನ್ನೋ ಗಟ್ಟಿಯಾಗಿ ಹಿಡ್ಕೊಂಡ್ರು. ನಾನು ಒಳಗೆ ಹೋಗಬೇಕಿತ್ತು, ಅವಸರ. ಆಮೇಲೆ ಸರಿ ಅಂದ್ರು." ಡಾಕ್ಟರ್ ಶುಭಾ ಏನೋ ನೆನಪಾದಂತೆ ನಕ್ಕರು. "ಒಂದು ಮಾತ್ರ ನನಗೆ ಇವತ್ತಿಗೂ ಅರ್ಥ ಆಗಿಲ್ಲ ಸಾರ್. ತೊಡೆಯಲ್ಲಿ ಎಲ್ಲಿಂದ ತಗೋತೀರಿ ಅಂತ ಕೇಳಿದ್ರು. ನನ್ನ ಕೋಟಿನ ಮೇಲೆ ಕೈಯಿಟ್ಟು, ಇಷ್ಟರಲ್ಲಿ ಅಂತ ತೋರಿಸಿದೆ. ನನ್ನ ಕೈ ಹಿಡ್ಕೊಂಡು ಸ್ವಲ್ಪ ಮೇಲಕ್ಕೆ ಸರಿಸಿ, ಇನ್ನೆರಡು ಬೆರಳು ಮೇಲಿಂದ ತಗೊಳಕ್ಕಾಗುತ್ತಾಮ್ಮ ಅಂದ್ರು. ರಕ್ತನಾಳ ಎಲ್ಲಿರುತ್ತೋ ಅಲ್ಲಿಂದಲೇ ತಗೋಬೇಕು ಆಂಟಿ ಅಂದೆ. ಹಾಗಾದ್ರೆ ಒಂದು ಬೆರಳಾದ್ರೂ ಅಂದ್ರು. ಯಾಕೆ ಸಾರ್?"

ನಾನು ಎದ್ದು ಅವರಿಗೆ ಕೈಮುಗಿದು ಹೊರಬಂದೆ. ಅಂಗಡಿ ಬೀದಿಗಳಲ್ಲಿ ಚೌಕಾಸಿ ಕೇಳಿಯೇ ಬದುಕಿದವನು ನಾನು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತು, ನನ್ನ ಹೊಕ್ಕುಳಿನ ಕಡೆಗೆ ಒಂದು ಬೆರಳಾದರೂ ಹತ್ತಿರವಾಗಲಿ ಎಂದು ನನ್ನ ಹೆಂಡತಿ ಚೌಕಾಸಿ ಮಾಡಿದ್ದಳು. ಒಂದು ಬೆರಳೂ ಗಿಟ್ಟಲಿಲ್ಲ.

ಆಸ್ಪತ್ರೆಯಿಂದ ಮನೆಗೆ ನಡೆದೇ ಬಂದೆ. ದಾರಿಯುದ್ದಕ್ಕೂ ಕೋಪ ಹುಡುಕಿದೆ, ಸಿಗಲಿಲ್ಲ. ಅವಳಿಗೆ ಏನು ಹೇಳಬೇಕೆಂದು ಮೂಡಲಪಾಳ್ಯದ ಕಡೆಯ ಬಸ್ಸುಗಳ ಗದ್ದಲದಲ್ಲಿ ನಿಂತು ಯೋಚಿಸಿದೆ. ಕಡೆಗೆ ಒಂದು ಉಪಾಯ ಹೊಳೆಯಿತು. ಅಷ್ಟು ದಿನದಿಂದ ಆ ಸುಳ್ಳನ್ನು ಒಬ್ಬಳೇ ಹೊತ್ತು ಸೊರಗಿದ್ದಾಳೆ. ಅದನ್ನು ನಾನೇ ನಿಜವೆಂದು ಒಪ್ಪಿಕೊಂಡರೆ ಅವಳಿಗೆ ನಿರಾಳವಾಗುತ್ತದೆ. ಸುಳ್ಳು ಹಿಡಿಯುವುದರಲ್ಲೇ ಜೀವಮಾನ ಕಳೆದವನಿಗೆ ಒಂದು ಸುಳ್ಳು ಹೇಳುವುದು ಎಷ್ಟರ ಮಾತು ಎಂದುಕೊಂಡೆ.

ನೀಲಮ್ಮ ಹಜಾರದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಎದುರಿಗೆ ಕೂತೆ.

"ಲೈಬ್ರರಿಗೆ ಹೋಗ್ಲಿಲ್ಲ. ಡಾಕ್ಟರ್ ಹತ್ರ ಹೋಗಿದ್ದೆ."

ಅವಳ ಕೈ ನಿಂತಿತು.

"ಎಲ್ಲಿಂದ ತೆಗೆದಿದ್ದು ಅಂತ ಕೇಳಿಯೇಬಿಟ್ಟೆ. ಮುಂಗೈಯಿಂದಲೇ ಅಂತೆ. ನಾನೇ ಸುಮ್ನೆ ಏನೇನೋ ಅಂದ್ಕೊಂಡಿದ್ದೆ."

ಅವಳು ಕೈ ಚಾಚಿ ನನ್ನ ಮೊಣಕಾಲು ಮುಟ್ಟುತ್ತಾಳೆ, ಅಥವಾ ಕಣ್ಣೊರೆಸಿಕೊಳ್ಳುತ್ತಾಳೆ ಎಂದು ಕಾದೆ. ಅವಳು ಒಂದು ಹುರುಳಿಕಾಯಿ ಮುರಿದು ಬುಟ್ಟಿಗೆ ಹಾಕಿದಳು.

"ಡಾಕ್ಟರಮ್ಮ ಹಾಗೆ ಹೇಳಿರಲ್ಲ" ಎಂದಳು.

"ಯಾಕೆ ಹೇಳಿರಲ್ಲ?"

"ಅವರು ಸುಳ್ಳು ಹೇಳೋರಲ್ಲ."

ಸಿಕ್ಕಿಬಿದ್ದವನು ಈಗ ನಾನು. ಇಷ್ಟು ಸುಲಭವಾಗಿ ಯಾವ ಅಂಗಡಿಯವನೂ ನನ್ನ ಕೈಗೆ ಸಿಕ್ಕಿಬಿದ್ದಿರಲಿಲ್ಲ.

"ಗೊತ್ತಾಯ್ತಲ್ಲ ನಿಮಗೆ?" ಎಂದಳು.

"ಹೂಂ."

"ಯಾಕ್ರೀ ಹೋಗಿ ಕೇಳಿದ್ರಿ?" ಅವಳ ದನಿಯಲ್ಲಿ ಸಿಕ್ಕಿಬಿದ್ದವರ ಅಂಜಿಕೆ ಇರಲಿಲ್ಲ. ಏನೋ ಕೈಜಾರಿ ಒಡೆದುಹೋದಾಗಿನ ದುಃಖ ಇತ್ತು. "ನಿಮಗೆ ಗೊತ್ತಿಲ್ದೆ ಇದ್ದಿದ್ರೆ ದೋಷ ನಿಮಗೆ ತಟ್ತಿರಲಿಲ್ಲ. ಲಿಂಗ ಮುಟ್ಟಿ ಮಾತು ಕೊಟ್ಟೋಳು ನಾನು, ಮುರಿದೋಳೂ ನಾನು. ಗೊತ್ತಿಲ್ದೆ ನೀವು ಆ ಕೈಯಲ್ಲಿ ಪೂಜೆ ಮಾಡಿದ್ರೆ ಪುಣ್ಯ ನಿಮಗೆ ಬರುತ್ತೆ, ಪಾಪ ನನಗೊಬ್ಬಳಿಗೇ ಬರುತ್ತೆ ಅಂದ್ಕೊಂಡೆ. ಅದಕ್ಕೇ ಹೇಳಲಿಲ್ಲ. ಶಿವರಂಜನಿಗೂ ಹೇಳಬೇಡ ಅಂದೆ."

"ಹಾಗಿದ್ರೆ ಪೂಜೆಗೆ ಕೂತ್ಕೊಳ್ಳಿ ಅಂತ ಯಾಕೆ ಹೇಳಲಿಲ್ಲ ನೀನು?"

"ನನ್ನ ಬಾಯಿಂದ ಹೆಂಗೆ ಹೇಳಲಿ? ನಾನೇ ಕೂರಿಸಿದ ಹಾಗಾಗುತ್ತಲ್ಲ. ನೀವಾಗೇ ಕೂರ್ತೀರಿ ಅಂತ ದಿನಾ ಕಾಯ್ತಿದ್ದೆ. ನೀವು ಕೂರಲಿಲ್ಲ. ಟೇಪು ಹಿಡ್ಕೊಂಡು ಕೂತ್ರಿ."

"ಟೇಪು..."

"ತುದೀಲೆಲ್ಲಾ ಹಲ್ಲಿನ ಗುರುತು. ನನಗೇನು ತಿಳಿಯಲ್ವಾ?"

ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಈಗ ನಿಜವಾಗಿ ಅತ್ತಳು. ನಾನು ಅವಳನ್ನು ಪರೀಕ್ಷೆ ಮಾಡುತ್ತ ಕೂತಿದ್ದ ಅಷ್ಟೂ ಬೆಳಿಗ್ಗೆ ಅವಳು ನನ್ನ ದಾರಿ ಕಾಯುತ್ತ ಕೂತಿದ್ದಳು. ಏನೂ ತಿಳಿಯದವನಾಗಿ, ತಪ್ಪಿಲ್ಲದವನಾಗಿ ಲಿಂಗ ಹಿಡಿಯಲು ನನಗೆ ಅವಳು ಮಾಡಿಕೊಟ್ಟಿದ್ದ ಅವಕಾಶವನ್ನು ನಾನು ಅಳತೆ ಹಿಡಿದು, ಸಾಕ್ಷಿ ಕೂಡಿಸಿ, ನನ್ನ ಕೈಯಾರೆ ಹಾಳು ಮಾಡಿಕೊಂಡಿದ್ದೆ. ನನ್ನ ನೌಕರಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾವ ಕೇಸನ್ನೂ ನಾನು ಗೆದ್ದಿರಲಿಲ್ಲ. ಇಷ್ಟು ನಾಚಿಕೆಯೂ ಯಾವತ್ತೂ ಆಗಿರಲಿಲ್ಲ.

"ಇನ್ನು ನನ್ನೊಬ್ಬಳದೇ ಅಂತ ಹೇಳೋಕಾಗಲ್ಲ. ನಿಮಗೂ ಬಂತು" ಎಂದಳು ಮೂಗು ಒರೆಸಿಕೊಳ್ಳುತ್ತ.

"ಬರಲಿ ಬಿಡು. ಅರ್ಧ ಅರ್ಧ."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ. ಬಿಸಿನೀರು ಇದೆಯಾ?"

ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ದೇವರಮನೆಯಲ್ಲಿ ಮಣೆ ಹಾಕಿಕೊಂಡು ಕೂತೆ. ಸಂಜೆಯ ಬೆಳಕು ಕಿಟಕಿಯಿಂದ ನೆಲದ ಮೇಲೆ ಬಿದ್ದಿತ್ತು. ನೀಲಮ್ಮ ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಬಾ ಎಂದು ಎರಡು ಸಲ ಕರೆದ ಮೇಲೆ ಬಂದು ಪಕ್ಕದಲ್ಲಿ ಕೂತಳು. ಬಲಗೈಯಿಂದ ಕರಡಿಗೆ ತೆರೆದೆ. ಎಡಗೈಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದೆ. ಅಂಗೈಯ ಉಬ್ಬಿದ ಮಾಂಸ, ಅದರ ಮೇಲಿನ ಕರಿ ಕೂದಲು, ಸುತ್ತಲಿನ ಹೊಲಿಗೆಯ ಗೆರೆ ಎಲ್ಲ ಕಾಣುತ್ತಿತ್ತು. ಅದರ ಮೇಲೆ ಲಿಂಗವನ್ನು ಇಟ್ಟೆ.

ಏನೂ ತಿಳಿಯಲಿಲ್ಲ. ಸ್ಪರ್ಶ ಪೂರ್ತಿಯಾಗಿ ಬರಲಿಕ್ಕಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಆದರೂ ಈ ಪರಿ ಇರುತ್ತದೆಂದು ಎಣಿಸಿರಲಿಲ್ಲ. ತೂಕವಿಲ್ಲ, ತಂಪಿಲ್ಲ. ಕೈಯಲ್ಲಿ ಎತ್ತಿದರೆ ಬಟ್ಟಿನ ತೂಕ ಹೇಳುತ್ತಿದ್ದವನು ನಾನು. ಈಗ ನನ್ನ ಅಂಗೈ ಮೇಲೆ ಲಿಂಗ ಇದೆಯೋ ಜಾರುತ್ತಿದೆಯೋ ಎಂಬುದೇ ನನಗೆ ಗೊತ್ತಾಗಲಿಲ್ಲ.

"ಜಾರ್ತಾ ಇದೆಯಾ ನೋಡು ನೀಲಾ. ನನಗೆ ತಿಳೀತಾ ಇಲ್ಲ."

ಅವಳು ಬಗ್ಗಿ ನೋಡಿದಳು. ತನ್ನ ಅಂಗೈಯನ್ನು ನನ್ನ ಕೈಯ ಅಡಿಗೆ ಮುಟ್ಟಿಯೂ ಮುಟ್ಟದಂತೆ ಹಿಡಿದಳು.

"ಇಲ್ಲ. ಸರಿಯಾಗಿದೆ" ಎಂದಳು.

ಅವಳು ಹೇಳಿದ್ದು ನಿಜವೋ, ನನ್ನ ಸಮಾಧಾನಕ್ಕೋ ಎಂದು ನೋಡಲು ಹೋಗಲಿಲ್ಲ. ಕಣ್ಣು ಮುಚ್ಚಿದೆ.